ನೀರಿನ ಅಂಚು ತೊಂಬತ್ತಮೂರು

ನಾನು ಸಮುದ್ರವನ್ನು ಕಣ್ಣಾರೆ ಕಂಡದ್ದು ಒಂದೇ ಸಲ. ಎಂಟನೇ ಕ್ಲಾಸಿನಲ್ಲಿದ್ದಾಗ ಕಾನ್ವೆಂಟಿನ ಸಿಸ್ಟರ್‌ಗಳು ಎಕ್ಸ್‌ಕರ್ಷನ್ ಕರೆದುಕೊಂಡು ಹೋಗಿದ್ದರು. ಶೂ ಬಿಚ್ಚಬಾರದು, ಲೈನ್ ಬಿಡಬಾರದು ಎಂದು ದಂಡೆಯ ಮೇಲೆ ಹತ್ತು ನಿಮಿಷ ನಿಲ್ಲಿಸಿ, ತಲೆ ಎಣಿಸಿ, ವಾಪಸ್ ಬಸ್ ಹತ್ತಿಸಿದರು. ಆ ಹತ್ತು ನಿಮಿಷದಲ್ಲಿ ಅಲೆ ಕಂಡೆ, ಸದ್ದು ಕೇಳಿದೆ, ಹೆದರಿದೆ. ಆಮೇಲೆ ಅರವತ್ತು ವರ್ಷ ನಾನು ನೋಡಿದ್ದು, ನಕ್ಷೆಯಲ್ಲಿ ಬರೆದದ್ದು ಎಲ್ಲ ಕೆರೆಯ ನೀರು. ಕೆರೆ ಮಳೆಗಾಲದಲ್ಲಿ ತುಂಬುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಬೆಳಿಗ್ಗೆ ಇದ್ದ ಕಡೆ ಸಂಜೆಯೂ ಇರುತ್ತದೆ.

ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಡ್ರಾಫ್ಟ್ಸ್‌ವುಮನ್ ಆಗಿದ್ದೆ. ಇಂಜಿನಿಯರುಗಳು ಯೋಚಿಸಿದ್ದನ್ನು ಸ್ಕೇಲಿಗೆ ಇಳಿಸಿ ಇಂಕಿನಲ್ಲಿ ಬರೆದುಕೊಡುವ ಕೆಲಸ. ಮದುವೆಯಾಗಲಿಲ್ಲ. ರಿಟೈರ್ ಆಗಿ ಹದಿಮೂರು ವರ್ಷವಾಗಿದೆ. ಗಂಡನನ್ನು ಕಳೆದುಕೊಂಡ ತಂಗಿಯೂ ನಾನೂ ಮೈಸೂರಿನ ಕೃಷ್ಣಮೂರ್ತಿಪುರಂನ ಮನೆಯಲ್ಲಿದ್ದೇವೆ. ಮನೆ ಎಂದರೆ ಅವಳು ಬೆಳಿಗ್ಗೆ ಲಿಂಗಪೂಜೆ ಮಾಡುತ್ತಾಳೆ, ನಾನು ಪೇಪರ್ ಓದುತ್ತೇನೆ, ಹತ್ತು ಗಂಟೆಗೆ ಇಬ್ಬರೂ ಜಗಳ ಶುರು ಮಾಡುತ್ತೇವೆ.

ಹೋದ ವರ್ಷ ಬೇಸಿಗೆಯಲ್ಲಿ ಒಂದು ಫೋನ್ ಬಂತು. ಇಪ್ಪತ್ತು ವರ್ಷದ ಹಿಂದೆ ನನ್ನ ಟೇಬಲ್ ಪಕ್ಕ ನಿಂತು ಲೈನ್ ಎಳೆಯುವುದನ್ನು ಕಲಿತ ಹುಡುಗಿ. ಈಗ ಅವಳೇ ಆರ್ಕಿಟೆಕ್ಟ್. ಬೋಗಾದಿಯಲ್ಲಿ ಒಂದು ಮನೆಯ ಮಹಡಿಯಲ್ಲಿ ಆಫೀಸು ಇಟ್ಟಿದ್ದಾಳೆ.

"ಮೇಡಂ, ಕರಾವಳೀಲಿ ಒಂದು ಕಾಲೇಜ್ ಕ್ಯಾಂಪಸ್ ಬಂದಿದೆ. ಇಪ್ಪತ್ತೆಕರೆ. ಯಾವ ಕಟ್ಟಡ ಎಲ್ಲಿ ಅಂತ ಫಸ್ಟ್ ಮಾಸ್ಟರ್ ಪ್ಲಾನ್ ಕೈಯಲ್ಲೇ ಮಾಡ್ಬೇಕು ಅಂತ ನಂಗಾಸೆ. ನಮ್ಮ ಮಕ್ಕಳಿಗೆ ಕಂಪ್ಯೂಟರ್ ಬಿಟ್ರೆ ಪೆನ್ಸಿಲ್ ಹಿಡಿಯೋಕೆ ಬರಲ್ಲ. ಬರ್ತೀರಾ?"

ನಾನು ಯೋಚಿಸಲೇ ಇಲ್ಲ, ಹೂಂ ಅಂದುಬಿಟ್ಟೆ. ತಂಗಿ ಒಳಗಿನಿಂದಲೇ, "ಹೋಗು ಹೋಗು. ಇಲ್ಲಿ ಗ್ಯಾಸ್ ಆಫ್ ಮಾಡೋದು ಮರೀತೀಯ, ಅಲ್ಲಿ ಹೋಗಿ ಕಾಲೇಜು ಕಟ್ಟು" ಅಂದಳು.

ಅದು ಬರೀ ತಮಾಷೆಯಲ್ಲ, ಇಬ್ಬರಿಗೂ ಗೊತ್ತು. ನಮ್ಮಮ್ಮ ಕೊನೆಯ ಆರು ವರ್ಷ ನಮ್ಮಿಬ್ಬರ ಹೆಸರನ್ನು ಮೊದಲು ಅದಲುಬದಲು ಮಾಡಿದಳು, ಆಮೇಲೆ ಎರಡನ್ನೂ ಮರೆತಳು. ನಾನು ಕನ್ನಡಕ ಹುಡುಕಿದರೆ ತಂಗಿ ಒಂದು ಕ್ಷಣ ಸುಮ್ಮನಾಗಿ ನನ್ನ ಮುಖ ನೋಡುತ್ತಾಳೆ. ಆ ನೋಟಕ್ಕೆ ನನಗೆ ಹೆದರಿಕೆ. ಬೋಗಾದಿಯ ಆಫೀಸು ಎಂದರೆ, ಅಮ್ಮನಿಗೆ ಬಂದದ್ದು ನನಗೆ ಬಂದಿಲ್ಲ ಎನ್ನುವುದಕ್ಕೆ ವಾರದಲ್ಲಿ ನಾಲ್ಕು ದಿನ ಸಿಗುವ ಸರ್ಟಿಫಿಕೇಟು.

ಸೈಟನ್ನು ಅಳೆದು ತಂದವರು ನನ್ನ ಹಳೇ ಆಫೀಸಿನ ಕಾಲದಿಂದ ಗೊತ್ತಿರುವ ಸರ್ವೇಯರ್. ಬೋಗಾದಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲಿಯವರು. ನಮ್ಮ ಕಡೆಯ ಸರ್ವೆಯಲ್ಲಿ ಒಂದು ರೂಢಿ ಇದೆ. ಅಲುಗಾಡದ ಯಾವುದಾದರೂ ಕಲ್ಲನ್ನೋ ಬಾಗಿಲ ಹೊಸಿಲನ್ನೋ ಹಿಡಿದು "ಇದು ನೂರು" ಅಂದುಬಿಡುವುದು. ಮಿಕ್ಕ ನೆಲ ಅದಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಅಳೆಯುವುದು. ಒಂದು ಮೀಟರ್ ತಗ್ಗಿದ್ದರೆ ತೊಂಬತ್ತೊಂಬತ್ತು. ಆ ನೂರು ಸಮುದ್ರದಿಂದ ಎಷ್ಟು ಎತ್ತರ ಎಂದು ಮೈಸೂರಿನಲ್ಲಿ ಯಾರೂ ಕೇಳುವುದಿಲ್ಲ. ಕೇಳಿಕೊಂಡು ಏನು ಮಾಡಬೇಕು?

ಅವರು ಆ ರೂಢಿಯನ್ನೇ ಕರಾವಳಿಗೂ ಒಯ್ದಿದ್ದರು. ಅಲ್ಲಿದ್ದ ಹಳೇ ಕಾಲೇಜಿನ ಹೊಸಿಲು ನೂರು. ರಸ್ತೆ ಪಕ್ಕದ ಗೇಟು ತೊಂಬತ್ತೆಂಟು. ನೆಲ ಪಶ್ಚಿಮಕ್ಕೆ ಇಳಿಯುತ್ತ ಹೋಗಿ, ಗಾಳಿಮರಗಳ ತೋಪಿನ ಹಿಂದೆ, ನದಿ ಸಮುದ್ರವನ್ನು ಸೇರುವ ಕಡೆ ಒಂದು ತಗ್ಗು. ಅದು ತೊಂಬತ್ತನಾಲ್ಕೂವರೆ. ಹಾಳೆಯ ತುದಿಯಲ್ಲಿ ಅವರದೇ ಅಕ್ಷರದಲ್ಲಿ ಇನ್ನೊಂದು ಅಂಕಿ: ನೀರಿನ ಅಂಚು, ತೊಂಬತ್ತಮೂರು.

ನಾನು ಆ ತೊಂಬತ್ತಮೂರನ್ನೇ ಸಮುದ್ರದ ಮಟ್ಟ ಎಂದು ತಿಳಿದೆ. ಸರ್ಕಾರದಿಂದ ಉಬ್ಬರದ ಗೆರೆಯ ನಕ್ಷೆ ಬರಬೇಕಿತ್ತು. ಅರ್ಜಿ ಹೋಗಿತ್ತು, ಬಂದಿರಲಿಲ್ಲ. ಕಾಲೇಜು ನಡೆಸುವ ಟ್ರಸ್ಟಿನವರಿಗೆ ಅವಸರ. ಮಳೆ ಹಿಡಿಯುವ ಮೊದಲು ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಶಂಕುಸ್ಥಾಪನೆ ಆಗಲೇಬೇಕು. ದೂರದ ಮೀನುಗಾರರ ಊರುಗಳಿಂದ ಬರುವ ಅರವತ್ತು ಹುಡುಗಿಯರು ಹಳೇ ಕಟ್ಟಡದ ಎರಡು ಕ್ಲಾಸ್‌ರೂಮಿನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು.

"ಹಾಸ್ಟೆಲ್ ಎಲ್ಲಿ ಕೂರಿಸೋಣ ಮೇಡಂ?" ಎಂದು ಆರ್ಕಿಟೆಕ್ಟ್ ಕೇಳಿದಳು.

ನಾನು ಸರ್ವೆ ಹಾಳೆಯ ಮೇಲೆ ಹಾಸಿದ್ದ ತೆಳು ಬಟರ್ ಪೇಪರಿನಲ್ಲಿ ತಟಕ್ಕನೆ ಆ ತಗ್ಗನ್ನು ತೋರಿಸಿದೆ. ನಾನು ಓದಿದ ಕಾನ್ವೆಂಟಿನಲ್ಲಿ ಬೋರ್ಡಿಂಗ್ ಹುಡುಗಿಯರ ಡಾರ್ಮಿಟರಿ ಗೇಟಿನಿಂದ ಅತಿ ದೂರ ಇತ್ತು. ಚಾಪೆಲ್ ದಾಟಿ, ಅಡುಗೆಮನೆ ದಾಟಿ, ಕೊನೆಯ ಗೋಡೆಗೆ ಒತ್ತಿಕೊಂಡು. ಹೆಣ್ಣುಮಕ್ಕಳಿಗೆ ಅಪಾಯ ಬರುವುದು ರಸ್ತೆಯಿಂದ ಎಂದು ಸಿಸ್ಟರ್‌ಗಳು ನಂಬಿದ್ದರು, ನಾನೂ ನಂಬಿದ್ದೆ. "ಗೇಟಿಂದ ದೂರ, ಮರದ ಮರೆ, ಗಾಳಿ ಹೊಡೆಯಲ್ಲ. ನೀರಿಗಿಂತ ಒಂದೂವರೆ ಮೀಟರ್ ಮೇಲೆ. ಅದರ ಮೇಲೆ ಒಂದೂವರೆ ಅಡಿ ಪ್ಲಿಂತ್ ಕಟ್ಟಿ ನೆಲ ಎತ್ತರಿಸಿದ್ರೆ ಪರ್ಫೆಕ್ಟ್" ಅಂದೆ. ಪರ್ಫೆಕ್ಟ್ ಎಂದು ನಾನೇ ಹೇಳಿದ್ದು. ಹಾಳೆ ಟ್ರಸ್ಟಿಗೆ ಹೋಯಿತು, ಎಲ್ಲರೂ ಮೆಚ್ಚಿದರು. ಶುಕ್ರವಾರ ಶಂಕುಸ್ಥಾಪನೆಯ ಪೂಜೆ ಎಂದು ನಿಗದಿಯಾಯಿತು.

ಆ ವಾರದ ಸೋಮವಾರ, ಮಂಚಗಳ ಅಳತೆ ಕೇಳಲು ನಾನು ಹಾಸ್ಟೆಲ್ ನೋಡಿಕೊಳ್ಳುವ ವಾರ್ಡನ್ನಿಗೆ ಫೋನ್ ಮಾಡಿದೆ. ಆಕೆ ಅಲ್ಲೇ ಹುಟ್ಟಿ ಬೆಳೆದ ಹೆಂಗಸು, ನಗುನಗುತ್ತ ಮಾತನಾಡುವವರು. ಮಂಚದ ಮಾತು ಮುಗಿದ ಮೇಲೆ, "ಜಾಗ ಎಲ್ಲಿ ಅಂತ ಮಾಡಿದ್ರಿ ಅಮ್ಮ?" ಅಂದರು.

"ಗಾಳಿಮರದ ಹಿಂದೆ ತಗ್ಗಿದೆಯಲ್ಲ, ಅಲ್ಲಿ."

"ಅಲ್ಲಿಯಾ? ಹೌದಾ. ಮಳೆಗಾಲದಲ್ಲಿ ನಮ್ಮವರು ದೋಣಿ ತಂದು ಕಟ್ಟುವುದು ಅಲ್ಲಿಯೇ ಅಲ್ವಾ? ನೀವು ಮಣ್ಣು ತುಂಬಿಸ್ತೀರಿ ಕಾಣ್ತದೆ."

"ದೋಣೀನ ಎಳ್ಕೊಂಡು ಬಂದು ಇಡ್ತಾರಾ?"

"ಎಳೆಯುವುದು ಎಂತಕ್ಕೆ ಮಾರಾಯ್ರೆ? ನೀರೇ ತರ್ತದೆ."

ಫೋನ್ ಇಟ್ಟೆ. ಎದುರಿಗೆ ನನ್ನ ಹಾಳೆ. ಅದರಲ್ಲಿ ಮೂವತ್ತು ರೂಮುಗಳು. ಪ್ರತಿ ರೂಮಿನಲ್ಲೂ ನಾನೇ ಬರೆದ ಎರಡು ಪುಟ್ಟ ಮಂಚ. ಪಕ್ಕದ ಕೋಣೆಯಲ್ಲಿ ಆರ್ಕಿಟೆಕ್ಟ್ ಟ್ರಸ್ಟಿನವರ ಜೊತೆ ಫೋನಿನಲ್ಲಿ ನಗುತ್ತಿದ್ದಳು. ಎದ್ದು ಹೋಗಿ ಹೇಳಲು ಹತ್ತು ಹೆಜ್ಜೆ. ನಾನು ಏಳಲಿಲ್ಲ. ಸರ್ವೇಯರನ್ನು ಮೊದಲು ಕೇಳೋಣ, ಸುಮ್ಮನೆ ಗಾಬರಿ ಎಬ್ಬಿಸುವುದು ಬೇಡ ಎಂದು ನನಗೇ ಹೇಳಿಕೊಂಡೆ. ಅವರ ಫೋನ್ ಸ್ವಿಚ್ಡ್ ಆಫ್. ಮಗಳ ಮನೆಗೆ ನಂಜನಗೂಡಿಗೆ ಹೋಗಿದ್ದಾರೆ, ಬುಧವಾರ ಬರುತ್ತಾರೆ ಎಂದು ಮನೆಯವರು ಹೇಳಿದರು. ನನಗೆ ಒಳಗೊಳಗೇ ಸಮಾಧಾನವಾಯಿತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮಂಗಳವಾರ ವಾರ್ಡನ್ ಒಂದು ಫೋಟೋ ಕಳಿಸಿದರು. ಹುಡುಗಿಯರು ಆ ತಗ್ಗಿನಲ್ಲಿ ಕಸ ಗುಡಿಸಿ, ಶುಕ್ರವಾರದ ರಂಗೋಲಿಗೆ ಸುಣ್ಣದಲ್ಲಿ ಚೌಕ ಎಳೆಯುತ್ತಿದ್ದರು. ಒಬ್ಬಳು ಕ್ಯಾಮೆರಾಕ್ಕೆ ಪೊರಕೆ ಎತ್ತಿ ಹಿಡಿದು ಹಲ್ಲು ಕಿರಿದಿದ್ದಳು. ನಾನು ಫೋಟೋವನ್ನು ದೊಡ್ಡದು ಮಾಡಿ ಮುಖಗಳನ್ನು ಬಿಟ್ಟು ನೆಲ ನೋಡಿದೆ. ಗಾಳಿಮರಗಳ ಬುಡ ಒಂದು ಎತ್ತರದವರೆಗೆ ಬೇರೆ ಬಣ್ಣ. ಬೂದಿ ಬಣ್ಣ. ಎಲ್ಲ ಮರಗಳಲ್ಲೂ ಒಂದೇ ಎತ್ತರಕ್ಕೆ, ಸ್ಕೇಲ್ ಇಟ್ಟು ಎಳೆದ ಹಾಗೆ. ಮಂಡಿಗಿಂತ ಮೇಲೆ.

ರಾತ್ರಿ ಮನೆಯಲ್ಲಿ ಊಟ ಸೇರಲಿಲ್ಲ.

"ಏನಾಯ್ತು ಅಕ್ಕ, ಮಂಕಾಗಿದ್ದೀಯ?" ಎಂದಳು ತಂಗಿ.

"ಏನಿಲ್ಲ ಬಿಡು."

"ಏನೋ ಮರ್ತಿದ್ದೀಯ. ಮುಖ ನೋಡಿದ್ರೇ ಗೊತ್ತಾಗುತ್ತೆ."

"ನಾನ್‌ಸೆನ್ಸ್. ನಾನೇನೂ ಮರೆತಿಲ್ಲ."

ಮರೆತಿರಲಿಲ್ಲ, ಅದೇ ಸತ್ಯ. ಉಬ್ಬರ ಇಳಿತ ನಮಗೆ ಸಿಸ್ಟರ್ ಪಾಠ ಮಾಡಿದ್ದರು. ಚಂದ್ರ, ಹುಣ್ಣಿಮೆ, ಅಮಾವಾಸ್ಯೆ, ಬೋರ್ಡಿನ ಮೇಲೆ ಬಾಣದ ಗುರುತು ಎಲ್ಲ ನೆನಪಿತ್ತು. ಪರೀಕ್ಷೆಯಲ್ಲಿ ಬರೆದು ಪೂರ್ತಿ ಮಾರ್ಕ್ಸ್ ತೆಗೆದುಕೊಂಡಿದ್ದೆ. ಪೆನ್ಸಿಲ್ ಹಿಡಿದಾಗ ಮಾತ್ರ ಅದು ತಲೆಗೆ ಬರಲಿಲ್ಲ. ಯಾಕೆ ಬರಲಿಲ್ಲ? ಕೆರೆಯ ಅಭ್ಯಾಸದಿಂದಲೋ, ಅಥವಾ ಅಮ್ಮನಿಗೂ ಹೀಗೆಯೇ ಶುರುವಾಗಿತ್ತೋ? ಗೊತ್ತಿದ್ದ ವಿಷಯ ಬೇಕಾದ ಹೊತ್ತಿಗೆ ಬರದೆ ಹೋಗುವುದಕ್ಕೆ ಏನು ಹೆಸರು? ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನನ್ನ ಹಳೇ ಆಫೀಸರುಗಳ ಹೆಸರುಗಳನ್ನು ಕ್ರಮವಾಗಿ ಹೇಳಿಕೊಂಡೆ. ಒಂಬತ್ತು ಜನ. ಒಂಬತ್ತೂ ಬಂದವು. ಆದರೂ ಧೈರ್ಯ ಬರಲಿಲ್ಲ.

ಬುಧವಾರ ಬೆಳಿಗ್ಗೆ ಆಟೋ ಮಾಡಿಕೊಂಡು ನೇರವಾಗಿ ಸರ್ವೇಯರ್ ಮನೆಗೆ ಹೋದೆ. ಅವರು ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು.

"ನೀರಿನ ಅಂಚು ಅಂತ ಬರೆದಿದ್ದೀರಲ್ಲ, ಅದನ್ನ ಯಾವ ಹೊತ್ತಲ್ಲಿ ತಗೊಂಡ್ರಿ?"

"ಬೆಳಗಾಗೇ ಕಣಮ್ಮ, ಆರೂವರೆ ಇರ್ಬೋದು. ಅವತ್ತು ಉಣ್ಣಿಮೆ. ದೇವಸ್ಥಾನಕ್ಕೆ ಓಗ್ಬೇಕಿತ್ತು, ಅದ್ಕೇ ಬಿರ್‍ರನೆ ಮುಗಿಸ್ಬುಟ್ಟೆ. ನೀರು ಸ್ಯಾನೆ ಇಂದಕ್ಕೆ ಓಗಿತ್ತು. ಸಲೀಸಾಗಿ ನಡ್ಕಂಡೋಗಿ ಕೋಲು ನೆಟ್ಟೆ."

"ಹಿಂದಕ್ಕೆ ಹೋಗಿತ್ತು ಅಂದ್ರೆ, ಮತ್ತೆ ಮುಂದಕ್ಕೆ ಬರುತ್ತಲ್ವಾ?"

ಅವರು ಲೋಟವನ್ನು ಕೆಳಗಿಟ್ಟರು. "ಬತ್ತದಾ?" ಅಂದರು. ಆಮೇಲೆ ನನ್ನ ಮುಖ ನೋಡಿ, "ಅಯ್ಯೋ ಶಿವನೇ! ನಾನು ನಮ್ಮ ಕೆರೆ ಅಂಗೇ ಅನ್ಕಂಡೆ ಕಣಮ್ಮ" ಅಂದರು.

"ನಾನೂ ಹಾಗೇ ಅಂದ್ಕೊಂಡೆ" ಅಂದೆ. ಎಪ್ಪತ್ತು ದಾಟಿದ ಇಬ್ಬರು ಆ ಜಗುಲಿಯ ಮೇಲೆ ಮುಖ ಮುಖ ನೋಡಿಕೊಂಡು ಕೂತೆವು. ಸಮುದ್ರ ಅತಿ ಹೆಚ್ಚು ಇಳಿಯುವ ದಿನ, ಅತಿ ಹೆಚ್ಚು ಇಳಿಯುವ ಹೊತ್ತಿನಲ್ಲಿ ಅವರು ಕೋಲು ನೆಟ್ಟಿದ್ದರು. ಆ ಅಂಕಿಯ ಮೇಲೆ ನಾನು ಅರವತ್ತು ಹುಡುಗಿಯರನ್ನು ಮಲಗಿಸಿದ್ದೆ.

ಈಗಲಾದರೂ ನೇರವಾಗಿ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಟ್ರೇಸಿಂಗ್ ಪೇಪರಿನ ಮೇಲೆ ಇಂಕನ್ನು ಅಳಿಸಲು ನಮ್ಮ ಕಾಲದಲ್ಲಿ ಅರ್ಧ ಮುರಿದ ಬ್ಲೇಡು ಬಳಸುತ್ತಿದ್ದೆವು. ಕಾಗದ ಹರಿಯದ ಹಾಗೆ ಮೇಲಿನ ಗೆರೆಯನ್ನಷ್ಟೇ ಹೆರೆಯುವುದು. ಆಫೀಸಿಗೆ ಹೋಗಿ, ಯಾರೂ ಕೇಳುವ ಮೊದಲೇ ಹಾಸ್ಟೆಲ್ಲನ್ನು ಹೆರೆಯತೊಡಗಿದೆ. ಅದನ್ನು ಮೇಲೆ ಗೇಟಿನ ಹತ್ತಿರ, ಆಡಿಟೋರಿಯಂ ಇದ್ದ ಕಡೆ ಬರೆದುಬಿಟ್ಟರೆ ಆಯಿತು. ತಪ್ಪು ಎಂದು ಒಪ್ಪುವ ಅಗತ್ಯವೇ ಇಲ್ಲ, ಯೋಚನೆ ಬದಲಾಯಿತು ಅಂದರೆ ಮುಗಿಯಿತು. ಬ್ಲೇಡು ಜಾರಿ ಕಾಗದ ಎರಡು ಕಡೆ ತೂತಾಯಿತು.

"ಏನ್ ಮಾಡ್ತಿದ್ದೀರಿ ಮೇಡಂ?" ಆರ್ಕಿಟೆಕ್ಟ್ ಹಿಂದೆ ಬಂದು ನಿಂತಿದ್ದಳು.

"ಹಾಸ್ಟೆಲ್ಲು ಗೇಟ್ ಹತ್ರ ಇದ್ರೆ ವಾಸಿ ಕಣಮ್ಮ. ಆ ತಗ್ಗಲ್ಲಿ ಗಾಳಿ ಜಾಸ್ತಿ."

"ಗಾಳಿ ಹೊಡೆಯಲ್ಲ ಅಂತ ನೀವೇ ಅಲ್ವಾ ಹೇಳಿದ್ದು? ಗೇಟಿಂದ ದೂರ ಇರ್ಬೇಕು ಅಂತಾನೂ ನೀವೇ. ಟ್ರಸ್ಟ್ ಅಪ್ರೂವ್ ಮಾಡಿ ಆಗಿದೆ, ನಾಡಿದ್ದು ಪೂಜೆ. ಈಗ ಹೇಗೆ ಬದಲಾಯಿಸೋದು?" ಮಾತು ಕಟುವಾಗಿರಲಿಲ್ಲ. ಕೊನೆಗೆ ನನ್ನ ಭುಜ ಮುಟ್ಟಿ, "ಸುಸ್ತಾಗಿದ್ದೀರಿ ಮೇಡಂ. ಮನೆಗೆ ಹೋಗಿ ರೆಸ್ಟ್ ತಗೊಳ್ಳಿ, ನಾನೇ ಆಟೋ ಹೇಳ್ತೀನಿ" ಅಂದಳು.

ಇಷ್ಟು ದಿನ ನಾನು ಹೆದರಿದ್ದು ಇದೇ ದಯೆಗೆ. ಆಟೋದಲ್ಲಿ ಕೂತು ಬರುವಾಗ ಲೆಕ್ಕ ಹಾಕಿದೆ. ಹೇಳಿದರೆ ನಾಳೆಯಿಂದ ನನಗೆ ಕೆಲಸ ಇರುವುದಿಲ್ಲ. ತಂಗಿ ನನ್ನ ಕೈಗೆ ಗ್ಯಾಸ್ ಲೈಟರ್ ಕೊಡುವುದಿಲ್ಲ. ಹೇಳದಿದ್ದರೆ? ಯಾವಾಗಲಾದರೂ ಉಬ್ಬರದ ನಕ್ಷೆ ಬರುತ್ತದೆ, ಯಾರಾದರೂ ನೋಡುತ್ತಾರೆ. ನೋಡದಿದ್ದರೆ? ನಾನು ನೋಡಲಿಲ್ಲ, ಸರ್ವೇಯರ್ ನೋಡಲಿಲ್ಲ, ಅವಳು ನೋಡಲಿಲ್ಲ. ಇನ್ನೊಬ್ಬರು ನೋಡಿಯೇ ನೋಡುತ್ತಾರೆ ಎಂದು ಯಾವ ಬಾಯಲ್ಲಿ ಹೇಳಲಿ?

ಗುರುವಾರ ಬೆಳಿಗ್ಗೆ ಆಫೀಸಿನ ಬೀಗ ತೆಗೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ. ಅವಳು ಬಂದು ಬಾಗಿಲು ತೆಗೆದು ಚಪ್ಪಲಿ ಬಿಡುವಷ್ಟರಲ್ಲಿ ಎಲ್ಲ ಹೇಳಿ ಮುಗಿಸಿದೆ. ದೋಣಿ, ಮರದ ಬುಡದ ಬಣ್ಣ, ಆರೂವರೆ ಗಂಟೆ, ಬ್ಲೇಡು, ಎಲ್ಲ.

ಅವಳು ಮೊದಲು ಕೇಳಿದ್ದು ಒಂದೇ. "ಯಾವಾಗ ಗೊತ್ತಾಯ್ತು ಅಂದ್ರಿ?"

"ಸೋಮವಾರ."

"ಇವತ್ತು ಗುರುವಾರ ಮೇಡಂ."

"ಹೌದು."

"ಮೂರು ದಿನ! ನಿನ್ನೆ ನನ್ನ ಮುಂದೇನೇ ನಿಂತು ಗಾಳಿ ಅಂದ್ರಿ!" ನನ್ನ ಮೇಲೆ ಅವಳು ಹಾಗೆ ಕೂಗಿದ್ದು ಅದೇ ಮೊದಲು. ದಯೆ ಪೂರ್ತಿ ಹೋಗಿತ್ತು. ಆಮೇಲೆ ಹಾಳೆ ಬಿಚ್ಚಿ, ಮೂಲೆಯಲ್ಲಿದ್ದ ತನ್ನ ಸಹಿಯ ಮೇಲೆ ಬೆರಳಿಟ್ಟು ಕುಳಿತಳು. "ನಾನೂ ನೋಡ್ಲಿಲ್ಲ. ಎರಡು ಸಲ ಸೈಟಿಗೆ ಹೋಗಿದ್ದೆ. ಎರಡು ಸಲಾನೂ ಬೆಳಿಗ್ಗೆನೇ ಹೋಗಿ, ನೀರು ಏರೋ ಹೊತ್ತಿಗೆ ಮಧ್ಯಾಹ್ನದ ಊಟಕ್ಕೆ ಊರೊಳಗೆ ಬಂದುಬಿಟ್ಟೆ."

ಟ್ರಸ್ಟಿನ ಕಾರ್ಯದರ್ಶಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲೆ ಇಟ್ಟಳು. ಅವರು ಎಲ್ಲ ಕೇಳಿ, "ಅಲ್ಲಿ ನೀರು ಬರುವುದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತುಂಟು. ಮೈಸೂರಿನ ಆರ್ಕಿಟೆಕ್ಟ್ ಹಾಕಿದ್ದು ಅಂದ ಮೇಲೆ ಏನಾದ್ರೂ ಉಪಾಯ ಇರ್ತದೆ ಅಂತ ಸುಮ್ಮನಿದ್ದೆವು. ಈ ತಪ್ಪು ಮಾಡಿದ್ದು ಯಾರು?" ಅಂದರು.

ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ನಾನು. ಎಪ್ಪತ್ಮೂರು ವರ್ಷದವಳು. ನಾಳೆ ಅಲ್ಲಿ ಪೂಜೆ ಮಾಡ್ಬೇಡಿ. ನಿಮ್ಮ ದಮ್ಮಯ್ಯ."

"ಐನೂರು ಜನಕ್ಕೆ ಊಟ ಹೇಳಿ ಆಗಿದೆ" ಎಂದರು ಕಾರ್ಯದರ್ಶಿ. "ಪೂಜೆ ಎಲ್ಲಿ ಮಾಡುವುದು ಹೇಳಿ ಹಾಗಾದ್ರೆ."

"ಗೇಟಿನ ಹತ್ರ. ತೊಂಬತ್ತೆಂಟರಲ್ಲಿ" ಎಂದಳು ಅವಳು.

ಪೂಜೆ ಗೇಟಿನ ಹತ್ತಿರ ಆಯಿತು. ಹುಡುಗಿಯರು ರಂಗೋಲಿಯನ್ನು ಅಲ್ಲಿ ಮತ್ತೆ ಹಾಕಿದರು. ರಸ್ತೆ ಬದಿ ಎಂದು ನಾನು ಅಳುಕುತ್ತಿದ್ದರೆ ವಾರ್ಡನ್, "ಒಳ್ಳೇದೇ ಆಯ್ತು ಅಮ್ಮ, ಬಸ್ಸಿಳಿದು ಕತ್ತಲಲ್ಲಿ ಅಷ್ಟು ದೂರ ನಡೆಯುವುದು ತಪ್ಪಿತು" ಅಂದರು. ಅದೂ ನನಗೆ ಹೊಳೆದಿರಲಿಲ್ಲ.

ಕೆಲಸ ಬಿಡುತ್ತೇನೆ ಎಂದು ಆರ್ಕಿಟೆಕ್ಟಿಗೆ ಹೇಳಿದೆ. "ಬಿಡೋದು ಆಮೇಲೆ. ಮೊದಲು ನೀರು ಎಲ್ಲಿವರೆಗೆ ಬರುತ್ತೆ ಅಂತ ಸರಿಯಾಗಿ ಬರ್ಕೊಡಿ" ಅಂದಳು. ತಂಗಿಗೆ ಎಲ್ಲ ಹೇಳಿದೆ. ಅವಳು ಅಣಕಿಸಲಿಲ್ಲ. ಕೇಳಿಸಿಕೊಂಡು, "ಅಮ್ಮ ಆಗಿದ್ರೆ ತಪ್ಪು ಅಂತಾನೇ ಗೊತ್ತಾಗ್ತಿರ್ಲಿಲ್ಲ ಕಣೇ" ಅಂದಳು. ಅದು ಸಮಾಧಾನವೋ ಅಲ್ಲವೋ, ಈಗಲೂ ತೀರ್ಮಾನಿಸಿಲ್ಲ.

ಆಷಾಢದ ಅಮಾವಾಸ್ಯೆಯ ದಿನ ಸರ್ವೇಯರನ್ನು ಮತ್ತೆ ಕಳಿಸಿದೆವು. ಮಧ್ಯಾಹ್ನ ನಾನು ಮನೆಯ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಫೋನ್ ಕಿವಿಗೆ ಹಿಡಿದು ಕೂತೆ. ಆ ಕಡೆ ಗಾಳಿ, ಮಳೆ.

"ಬತ್ತಾ ಅದೆ ಕಣಮ್ಮ! ಮರದೊಳಕ್ಕೆ ನುಗ್ಬುಟ್ತು!" ಸರ್ವೇಯರ್ ಕೂಗುತ್ತಿದ್ದರು.

"ನೀವು ಎಲ್ಲಿ ನಿಂತಿದ್ದೀರಿ?"

"ಮೇಲ್ಗಡೆನೇ ನಿಂತಿವ್ನಿ. ಕೋಲು ಈ ತಾಯಿ ಇಡ್ಕಂಡವ್ರೆ. ನಂಗೆ ಈಜು ಬರಾಕಿಲ್ಲ."

ಹಿಂದಿನಿಂದ ವಾರ್ಡನ್ ನಗುವುದು ಕೇಳಿಸಿತು. "ಹೆದರಬೇಡಿ ಮಾರಾಯ್ರೆ, ಇದು ನಮಗೆ ಪ್ರತಿ ವರ್ಷದ್ದು. ಓದಿ, ಓದಿ."

ಅವರು ಓದಿದರು. ನಾನು ಬರೆದೆ. ತೊಂಬತ್ತನಾಲ್ಕು ಎಂಬತ್ತು. ತೊಂಬತ್ತೈದು. ಸ್ವಲ್ಪ ಹೊತ್ತು ಬಿಟ್ಟು ತೊಂಬತ್ತೈದು ಇಪ್ಪತ್ತು. ಅಲ್ಲಿಗೆ ನಿಂತಿತು. ನಾನು ಬರೆದಿದ್ದ ಹಾಸ್ಟೆಲ್ಲಿನ ನೆಲಕ್ಕಿಂತ ಅದು ಕಾಲು ಮೀಟರ್ ಮೇಲೆ, ಮಂಚದ ಕಾಲಿನ ಅರ್ಧದವರೆಗೆ. ಅದು ಹಗಲಿನ ಲೆಕ್ಕ. ಅದೇ ನೀರು ಇನ್ನು ಹನ್ನೆರಡು ಗಂಟೆ ಕಳೆದು, ಎಲ್ಲರೂ ಮಲಗಿರುವಾಗ ಮತ್ತೆ ಬರುತ್ತದೆ. ಪೆನ್ಸಿಲ್ ಕೆಳಗಿಟ್ಟೆ. ತಂಗಿ ಬಂದು ಹಾಳೆಯನ್ನೂ ನನ್ನ ಮುಖವನ್ನೂ ನೋಡಿ, ಬಿಸಿನೀರು ತಂದಿಟ್ಟಳು.

ಹೊಸ ಹಾಸ್ಟೆಲ್ಲಿನ ನೆಲ ಆ ನೀರಿಗಿಂತ ಸುಮಾರು ಮೂರು ಮೀಟರ್ ಮೇಲಿದೆ. ಆದರೂ ಫೈನಲ್ ಹಾಳೆಯಲ್ಲಿ ಪ್ಲಿಂತನ್ನು ನಾನು ಇನ್ನೂ ಅರ್ಧ ಮೀಟರ್ ಏರಿಸಿದೆ. ಆರ್ಕಿಟೆಕ್ಟ್ ನೋಡಿ, "ಇಲ್ಲಿಗೆ ನೀರು ಬರೋಕೆ ಸಾಧ್ಯಾನೇ ಇಲ್ಲ ಮೇಡಂ. ಈ ಅರ್ಧ ಮೀಟರ್ ಯಾಕೆ?" ಅಂದಳು.

"ಹೆದರಿಕೆಗೆ" ಅಂದೆ.

ಅವಳು ಮೆಟ್ಟಿಲು ಮೂರು ಹೆಚ್ಚಾಗುತ್ತವೆ ಎಂದು ಎಣಿಸಿ, ಸಹಿ ಹಾಕಿದಳು.